ಹಣೆಪಟ್ಟಿ ಹಚ್ಚುವಾಗ ಲೆಕ್ಕ ಎಲ್ಲಿ ತಪ್ಪುತ್ತದೆ: ಅಧ್ಯಯನ ಟಿಪ್ಪಣಿ

ಜನರಿಗೆ ಎಡ, ಬಲ ಅಂತ ರಾಜಕೀಯ ಹಣೆಪಟ್ಟಿ ಹಚ್ಚುವುದರ ಬಗ್ಗೆ ಒಂದು ಪಾಠ ಓದುತ್ತಿದ್ದೆ, ಅದರ ಒಂದೇ ಒಂದು ಹೆಜ್ಜೆಯಲ್ಲಿ ಎರಡು ದಿನ ಸಿಕ್ಕಿಕೊಂಡಿದ್ದೆ. ಈಗ ಬಿಡಿಸಿಕೊಂಡಿದ್ದೇನೆ, ಮರೆಯುವ ಮೊದಲೇ ಬರೆದಿಡುತ್ತೇನೆ. ಎಡ, ಬಲ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೆ ಕೂತರು, ಉಳಿದವರು ಎಡಕ್ಕೆ. ಅದು ಕೂತ ಜಾಗದ ಹೆಸರು ಅಷ್ಟೇ. ಆಮೇಲೆ ಮನುಷ್ಯರ ಹೆಸರಾಯಿತು.

ನನ್ನ ಜೊತೆ ಓದುವ ಗೆಳತಿಯೊಬ್ಬಳು ಒಂದು ದಿನ ಮರಣದಂಡನೆ ಬೇಡ ಅಂದಳು. ತಪ್ಪು ಮನುಷ್ಯನನ್ನು ಗಲ್ಲಿಗೇರಿಸಿದರೆ ಆಮೇಲೆ ಸರಿಪಡಿಸೋಕೆ ಆಗಲ್ಲ ಅಲ್ವಾ, ಅನ್ನುವುದು ಅವಳ ಕಾರಣ. ನಾನು ತಕ್ಷಣ ಅವಳನ್ನು ಎಡಪಂಥೀಯಳು ಅಂದುಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ. ತೆರಿಗೆ, ಖಾಸಗೀಕರಣ, ಧರ್ಮ, ಎಲ್ಲದರ ಬಗ್ಗೆಯೂ ಅವಳ ಉತ್ತರವನ್ನು ನಾನೇ ತುಂಬಿಕೊಂಡೆ. ತಿಂಗಳಾದ ಮೇಲೆ ಮಾತಿಗೆ ಮಾತು ಬಂದಾಗ, ತೆರಿಗೆ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಅಂದಳು. ಅಷ್ಟು ದಿನ ನಾನು ಮನಸ್ಸಿನಲ್ಲೇ ವಾದ ಮಾಡುತ್ತಿದ್ದದ್ದು ಅವಳ ಜೊತೆ ಅಲ್ಲವೇ ಅಲ್ಲ.

1964ರಲ್ಲಿ ಫಿಲಿಪ್ ಕಾನ್ವರ್ಸ್ ಅನ್ನುವ ಅಮೆರಿಕದ ವಿದ್ವಾಂಸರು ತೋರಿಸಿದ್ದೂ ಇದನ್ನೇ. ರಾಜಕಾರಣಿಗಳಾದರೆ ಒಂದು ವಿಷಯದ ನಿಲುವು ತಿಳಿದರೆ ಇನ್ನೊಂದನ್ನು ತಕ್ಕಮಟ್ಟಿಗೆ ಊಹಿಸಬಹುದು. ಸಾಮಾನ್ಯ ಜನರಲ್ಲಿ ಆ ಕೊಂಡಿ ತುಂಬಾ ಸಡಿಲ.

ನನಗೆ ತುಂಬಾ ಉಪಯೋಗವಾದ ಒಂದು ಉಪಾಯ: ನಾಮಪದ ಬಂದ ಕಡೆಯೆಲ್ಲ ಕ್ರಿಯಾಪದ ಹಾಕಿ. "ಅವಳು ಎಡಪಂಥೀಯಳು" ಬದಲು "ಅವಳು ಮರಣದಂಡನೆ ಬೇಡ ಅಂದಳು". ಇದು ಸುಮ್ನೆ ಮಾತಿನ ಚಮತ್ಕಾರ ಅಲ್ಲ. 1999ರಲ್ಲಿ ಗೆಲ್ಮನ್ ಮತ್ತು ಹೇಮನ್ ಅನ್ನುವ ಮನಶ್ಶಾಸ್ತ್ರಜ್ಞರು 5 ಮತ್ತು 7 ವರ್ಷದ ಮಕ್ಕಳಿಗೆ ಒಬ್ಬ ಹುಡುಗಿಯ ಬಗ್ಗೆ ಹೇಳಿದರು. ಕೆಲವರಿಗೆ "ಸಾಧ್ಯವಾದಾಗಲೆಲ್ಲ ಕ್ಯಾರೆಟ್ ತಿನ್ನುತ್ತಾಳೆ" ಅಂತ, ಕೆಲವರಿಗೆ ಅದನ್ನೇ ಒಂದು ನಾಮಪದ ಮಾಡಿ. ನಾಮಪದ ಕೇಳಿದ ಮಕ್ಕಳು ಅವಳ ಈ ಗುಣ ಮುಂದೆಯೂ ಬದಲಾಗುವುದಿಲ್ಲ ಅಂತ ಜಾಸ್ತಿ ನಂಬಿದರು. ನಮ್ಮ "ವಾದಿ", "ಪಂಥೀಯ" ಪ್ರತ್ಯಯಗಳು ಮಾಡುವುದೂ ಇದೇ ಕೆಲಸ ಅಂತ ನನಗನ್ನಿಸುತ್ತದೆ.

ಈಗ ನಾನು ಸಿಕ್ಕಿಕೊಂಡ ಹೆಜ್ಜೆ. ನಿಧಾನಕ್ಕೆ ಓದಿ, ಪೆನ್ನು ಹಿಡಿದು ಓದಿದರೆ ಇನ್ನೂ ಒಳ್ಳೆಯದು.

1000 ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ 200 ಜನರಿಗೆ "ಕ" ಅನ್ನುವ ಹಣೆಪಟ್ಟಿ. ಒಂದು ಅತಿರೇಕದ ಮಾತಿದೆ, ಅದನ್ನು ಒಪ್ಪುವವರು ಇಡೀ ಗುಂಪಿನಲ್ಲಿ 20 ಜನ. ಆ 20ರಲ್ಲಿ 16 ಜನ ಕ ಗುಂಪಿನವರು. ಅಂದರೆ ಅತಿರೇಕದವರಲ್ಲಿ ಶೇ 80ರಷ್ಟು ಕ ಗುಂಪಿನವರು. ಹಾಗಾದರೆ ಕ ಗುಂಪಿನ ಒಬ್ಬರು ಎದುರು ಬಂದರೆ ಅವರು ಅತಿರೇಕದವರಾಗಿರುವ ಸಾಧ್ಯತೆ ಎಷ್ಟು?

ನಾನು ಶೇ 80 ಅಂತ ಬರೆದೆ. ತಪ್ಪು. ಭಾಗಿಸುವಾಗ ಕೆಳಗೆ ಇಡಬೇಕಾದ ಸಂಖ್ಯೆ 20 ಅಲ್ಲ, 200. 200ರಲ್ಲಿ 16, ಅಂದರೆ ಶೇ 8. ಉಳಿದ 184 ಜನಕ್ಕೂ ಆ ಮಾತಿಗೂ ಸಂಬಂಧವೇ ಇಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸು ಒಪ್ಪಲಿಲ್ಲ, ಯಾಕೆಂದರೆ ಕ ಅಲ್ಲದ 800 ಜನರಲ್ಲಿ ಹಾಗೆ ನಂಬುವವರು ಬರೀ 4, ಅಂದರೆ ಶೇ 0.5, ಅದನ್ನು 8ರ ಜೊತೆ ಹೋಲಿಸಿದರೆ ಕ ಗುಂಪಿನಲ್ಲಿ 16 ಪಟ್ಟು ಜಾಸ್ತಿ ಅಲ್ವಾ ಅಂತ ಒಳಗೊಳಗೇ ಜಗಳ ಆಡುತ್ತಿದ್ದೆ. ಹೌದು, 16 ಪಟ್ಟು ಜಾಸ್ತಿಯೇ. ಅದೂ ನಿಜ, ಕ ಗುಂಪಿನ ಶೇ 92 ಜನ ಹಾಗಿಲ್ಲ ಅನ್ನುವುದೂ ನಿಜ. ಎರಡೂ ಒಟ್ಟಿಗೆ ನಿಜವಾಗಬಹುದು ಅಂತ ಹೊಳೆಯೋಕೆ ನನಗೆ ಎರಡು ದಿನ ಬೇಕಾಯಿತು. ಗುಂಪುಗಳನ್ನು ಹೋಲಿಸುವಾಗ 16 ಪಟ್ಟು ಬೇಕು. ಎದುರಿಗಿರುವ ಒಬ್ಬರ ಬಗ್ಗೆ ಊಹಿಸುವಾಗ ಬೇಕಾದದ್ದು ಶೇ 8.

ನಿಜ ಜೀವನದಲ್ಲಿ ಜನ ಎಷ್ಟು ದೂರ ತಪ್ಪುತ್ತಾರೆ ಅನ್ನುವುದಕ್ಕೆ 2018ರಲ್ಲಿ ಅಹ್ಲರ್ ಮತ್ತು ಸೂದ್ ಅನ್ನುವ ಸಂಶೋಧಕರು ಪ್ರಕಟಿಸಿದ ಅಧ್ಯಯನ ನೋಡಿ. ರಿಪಬ್ಲಿಕನ್ ಪಕ್ಷದವರಲ್ಲಿ ವರ್ಷಕ್ಕೆ 2,50,000 ಡಾಲರ್‌ಗಿಂತ ಜಾಸ್ತಿ ದುಡಿಯುವವರು ಶೇ 38 ಅಂತ ಅಮೆರಿಕದ ಜನ ಅಂದಾಜು ಮಾಡಿದರು. ನಿಜಕ್ಕೆ ಇದ್ದದ್ದು ಶೇ 2.

ಗೊತ್ತಾಯಿತಾ ಅಂತ ನೋಡಿಕೊಳ್ಳೋಕೆ ಮೇಲಿನ ಲೆಕ್ಕದಲ್ಲಿ ಒಂದೇ ಸಂಖ್ಯೆ ಬದಲಿಸಿ. ಆ ಮಾತು ಒಪ್ಪುವವರು 20 ಅಲ್ಲ, 200. ಅವರಲ್ಲೂ ಶೇ 80, ಅಂದರೆ 160 ಜನ ಕ ಗುಂಪಿನವರು. ಈಗ ಕ ಗುಂಪಿನಲ್ಲೂ ಶೇ 80 ಬರುತ್ತದೆ, ಯಾಕೆಂದರೆ ಎರಡೂ ಕಡೆ 200 ಇದೆ. ಗಾತ್ರ ಒಂದೇ ಇದ್ದರೆ ಮಾತ್ರ ಶೇಕಡಾವನ್ನು ಹೀಗೆ ತಿರುಗಿಸಬಹುದು. ಇನ್ನು ಒಪ್ಪುವವರು 100, ಅವರಲ್ಲೂ ಶೇ 80 ಕ ಗುಂಪಿನವರು ಅಂತ ಇಟ್ಟು ನೀವೇ ಮಾಡಿ ನೋಡಿ, ಶೇ 40 ಬಂದರೆ ಸರಿ.