ಹೊರಗಿಟ್ಟವರ ಸಾಲಿನಲ್ಲಿ ಎಲ್ಲರೂ: ತಪಸ್ಸುಕಾಲ ಬೆಳೆದು ಬಂದ ಬಗೆ

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಎಂದೊಡನೆ ನೆನಪಾಗುವುದು ಉಪವಾಸ, ಮಾಂಸ ಬಿಡುವುದು, ಯೇಸು ಶಿಲುಬೆ ಹೊತ್ತ ಹಾದಿಯನ್ನು ಧ್ಯಾನಿಸುವ ಶಿಲುಬೆಹಾದಿ. ಆದರೆ ಈ ನಲವತ್ತು ದಿನಗಳ ಪ್ರಸ್ತಾಪ ಕಾಣುವ ತೀರಾ ಹಳೆಯ ದಾಖಲೆಗಳಲ್ಲೊಂದರಲ್ಲಿ ಊಟದ ಮಾತೇ ಇಲ್ಲ. ಕ್ರಿ.ಶ. 325ರಲ್ಲಿ ಬಿಷಪರು ಕೂಡಿದ್ದ ನಿಸೇಯಾ ಮಹಾಸಭೆಯ 5ನೇ ನಿಯಮ ಬಹಿಷ್ಕಾರದ ಬಗ್ಗೆ ಇರುವುದು. ಬಿಷಪರೊಬ್ಬರು ಯಾರನ್ನಾದರೂ ಹೊರಹಾಕಿದ್ದರೆ, ಅದಕ್ಕೆ ಅವರ ಸಣ್ಣತನವೋ ಜಗಳಗಂಟಿತನವೋ ಕಾರಣವಾಯಿತೇ ಎಂದು ವಿಚಾರಿಸಬೇಕು. ಅದಕ್ಕಾಗಿ ಪ್ರಾಂತ್ಯದ ಬಿಷಪರು ವರ್ಷಕ್ಕೆರಡು ಸಲ ಸೇರಬೇಕು, ಅದರಲ್ಲಿ ಒಂದು ಸಲ ಈ ನಲವತ್ತು ದಿನಗಳು ಶುರುವಾಗುವ ಮುಂಚೆ. ಮನಸ್ಸಿನ ಕಹಿ ತೊಳೆದುಹೋಗಿ, ದೇವರಿಗೆ ಕೊಡುವ ಕಾಣಿಕೆ ಶುದ್ಧವಾಗಿರಲಿ ಎಂಬ ಆಶಯ. ತಪಸ್ಸುಕಾಲದ ತಿರುಳು ಇಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಬೈಬಲಿನ ಹಳೆ ಒಡಂಬಡಿಕೆಯ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ಕೇಳುವ ಉಪವಾಸ ಹಸಿದವನಿಗೆ ಅನ್ನ ಹಂಚುವುದು, ನೆಲೆಯಿಲ್ಲದವನನ್ನು ಮನೆಗೆ ಕರೆತರುವುದು. ಹಾಗೆ ಮಾಡಿದರೆ ನಿನ್ನ ಗಾಯವೇ ಬೇಗ ಮಾಯುತ್ತದೆ ಎನ್ನುತ್ತಾನೆ ಪ್ರವಾದಿ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ ಕುಷ್ಠರೋಗಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಹಳೆ ಒಡಂಬಡಿಕೆಯ ಯಾಜಕಕಾಂಡದ ನಿಯಮದಂತೆ ಅವನು ಹರಿದ ಬಟ್ಟೆ ತೊಟ್ಟು, ಬಾಯಿ ಮುಚ್ಚಿಕೊಂಡು, ‘ಅಶುದ್ಧ, ಅಶುದ್ಧ’ ಎಂದು ಕೂಗುತ್ತಾ ಊರಾಚೆ ಬದುಕಬೇಕಿತ್ತು. ಯೇಸು ಕನಿಕರಪಟ್ಟು, ಕೈಚಾಚಿ ಅವನನ್ನು ಮುಟ್ಟಿದರು. ಒಂದು ಮಾತು ಸಾಕಿತ್ತು, ಆದರೂ ಮುಟ್ಟಿದರು. ಕಥೆಯ ಕೊನೆಯನ್ನು ನಾವು ಅವಸರದಲ್ಲಿ ಓದಿ ಮುಗಿಸಿಬಿಡುತ್ತೇವೆ. ಅವನು ಸುದ್ದಿಯನ್ನು ಎಲ್ಲೆಡೆ ಹಬ್ಬಿಸುತ್ತಾನೆ. ಯೇಸುವಿಗೆ ಊರೊಳಗೆ ಬಹಿರಂಗವಾಗಿ ಕಾಲಿಡಲಾಗದೆ ನಿರ್ಜನ ಸ್ಥಳಗಳಲ್ಲಿ ಉಳಿಯಬೇಕಾಗುತ್ತದೆ. ಹೊರಗಿದ್ದವನು ಒಳಗೆ ಬಂದ, ಗುಣಪಡಿಸಿದವರು ಹೊರಗೆ ಉಳಿದರು.

ಆರಂಭದ ಕ್ರೈಸ್ತರು ಇದನ್ನು ಲೆಕ್ಕಾಚಾರಕ್ಕೂ ಇಳಿಸಿದರು. ಉಪವಾಸದ ದಿನ ಉಳಿದ ಊಟದ ಖರ್ಚನ್ನು ಎಣಿಸಿ ವಿಧವೆಗೋ ಅನಾಥನಿಗೋ ಕೊಡು ಎಂದು 2ನೇ ಶತಮಾನದ ಒಂದು ಬರಹ ನೇರವಾಗಿ ಹೇಳುತ್ತದೆ. 4ನೇ ಶತಮಾನದಲ್ಲಿ ಬಿಷಪ್ ಸಂತ ಬಸಿಲರು ಇನ್ನೂ ಮುಂದೆ ಹೋದರು. ಬರಗಾಲದಲ್ಲಿ ಗಂಜಿ ಹಂಚಿದ ಅವರು, ಇಂದಿನ ಟರ್ಕಿಯಲ್ಲಿರುವ ಕಪದೋಕ್ಯದ ಕೈಸರೇಯ ನಗರದ ಹೊರಗೆ ಬಡವರಿಗೂ ರೋಗಿಗಳಿಗೂ ಆಶ್ರಯ ಕಟ್ಟಿಸಿದರು. ಅಲ್ಲಿನ ಕುಷ್ಠರೋಗಿಗಳನ್ನು ಸಹೋದರರಂತೆ ಮುತ್ತಿಟ್ಟು ಬರಮಾಡಿಕೊಳ್ಳುತ್ತಿದ್ದರೆಂದು ಅವರ ಗೆಳೆಯ ನಾಜಿಯಾನ್ಸಸ್‌ನ ಗ್ರೆಗರಿ ನೆನೆದಿದ್ದಾರೆ. ಉಪವಾಸದ ಮೇಲೆ ಇದೇ ಬಸಿಲರ ಪ್ರವಚನಗಳೂ ಉಳಿದಿವೆ. ಬೋಧಿಸಿದ ಕೈಯೇ ಹುಣ್ಣು ಮುಟ್ಟಿತ್ತು.

ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿಯ ಚರಿತ್ರೆಯೂ ಇದೇ ದಿಕ್ಕಿನದು. ಹಿಂದೆ ಬೂದಿ ಬೀಳುತ್ತಿದ್ದುದು ಘೋರ ಪಾಪ ಮಾಡಿ ಬಹಿರಂಗ ಪ್ರಾಯಶ್ಚಿತ್ತಕ್ಕೆ ನಿಂತವರ ಮೇಲೆ. ರೋಮಿನಲ್ಲಿ ಅಂಥವರನ್ನು ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಮತ್ತೆ ಸಭೆಗೆ, ಅಂದರೆ ವಿಶ್ವಾಸಿಗಳ ಸಮುದಾಯಕ್ಕೆ, ಸೇರಿಸಿಕೊಳ್ಳುತ್ತಿದ್ದರು. ಕಾಲ ಕಳೆದಂತೆ ಬಹಿರಂಗ ಪ್ರಾಯಶ್ಚಿತ್ತ ಮರೆಯಾಯಿತು, ಬೂದಿ ಮಾತ್ರ ಉಳಿದು ಎಲ್ಲರ ಹಣೆಗೂ ಬಂತು. 1091ರಲ್ಲಿ ಇಟಲಿಯ ಬೆನೆವೆಂಟೊದಲ್ಲಿ ಸೇರಿದ ಧರ್ಮಸಭೆಯ ಸಿನೊಡ್ (ಸಮಾಲೋಚನಾ ಸಭೆ) ಗುರುಗಳೂ ಜನರೂ ಸೇರಿ ಎಲ್ಲರೂ ಬೂದಿ ಪಡೆಯಬೇಕೆಂದು ವಿಧಿಸಿತು. ಬಹಿಷ್ಕೃತರ ಸಾಲಿಗೆ ಇಡೀ ಸಭೆಯೇ ಬಂದು ನಿಂತಿತು. ದೀನತೆ ಎಂದು ನಾವು ಹೇಳುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಯೇಸು ಶಿಷ್ಯರ ಪಾದ ತೊಳೆದುದನ್ನು ನೆನೆಯುವ ಪಾದ ತೊಳೆಯುವ ವಿಧಿ. 1955ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅದನ್ನು ಪವಿತ್ರ ಗುರುವಾರದ ಸಂಜೆಯ ಪೂಜೆಯೊಳಗೆ ತಂದಾಗ ಗಂಡಸರಿಗಷ್ಟೇ ಅವಕಾಶವಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಮಂಡಿಯೂರಿ, ಹನ್ನೆರಡು ಮಂದಿ ಯುವಜನರ ಪಾದ ತೊಳೆದು, ಒರೆಸಿ, ಮುತ್ತಿಟ್ಟರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. 2016ರಲ್ಲಿ ನಿಯಮವೇ ಬದಲಾಯಿತು. ಪಾದ ತೊಳೆಸಿಕೊಳ್ಳುವವರಲ್ಲಿ ಹೆಂಗಸರು, ವೃದ್ಧರು, ರೋಗಿಗಳು ಇರಬಹುದೆಂದು ಆ ಆದೇಶ ಬಿಡಿಬಿಡಿಯಾಗಿ ಹೇಳುತ್ತದೆ. ಗುಡಿಯ ಮೆಟ್ಟಿಲು ಹತ್ತಲಾಗದ ರೋಗಿಯ ಹಾಸಿಗೆಯ ಬಳಿಗೇ ಆ ನೀರಿನ ಬೋಗುಣಿಯನ್ನು ಕೊಂಡೊಯ್ಯುವ ಧರ್ಮಕೇಂದ್ರಗಳು ಹೆಚ್ಚಬೇಕು.