ಜ್ವರದ ಔಷಧಿ ಎದೆಗೆ ಯಾಕೆ?

"ಎದ್ಯಾಗ ತೊಂದ್ರಿ ಐತಿ ಅಂತೀರಿ, ಕೊಡೂದು ಜ್ವರದ ಔಷಧಿ. ಇದೆಂಥಾ ಲೆಕ್ಕರೀ ಮೇಡಂ?"

ಪುಣೆಯ ನಮ್ಮ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲಲ್ಲಿ ನನ್ನನ್ನು ತಡೆದು ಹೀಗೆ ಕೇಳಿದ್ದು ಸಿಂದಗಿ ಕಡೆಯ ಒಬ್ಬ ಅಜ್ಜಿ. ಮೊಮ್ಮಗಳು 27 ವಾರಕ್ಕೇ ಹುಟ್ಟಿದ್ದಳು, ತೂಕ 920 ಗ್ರಾಂ. ಸಹಿ ಹಾಕಬೇಕಿದ್ದ ಕಾಗದ ಮರಾಠಿಯಲ್ಲಿತ್ತು. ಅದರ ಹಿಂಬದಿಯಲ್ಲೇ ಪೆನ್ನಿನಿಂದ ಹೃದಯ ಬರೆದು ಕನ್ನಡದಲ್ಲಿ ಹೇಳಲು ಕೂತೆ.

ಹೊಟ್ಟೆಯೊಳಗಿನ ಕೂಸಿಗೆ ಶ್ವಾಸಕೋಶದ ಕೆಲಸವಿಲ್ಲ. ಹಾಗಾಗಿ ಅಲ್ಲಿಗೆ ಹೊರಟ ರಕ್ತದ ಬಹುಪಾಲು ಒಂದು ಅಡ್ಡನಾಳ ಹಿಡಿದು ನೇರ ಮಹಾಧಮನಿಗೆ ಸೇರಿಬಿಡುತ್ತದೆ. ಲಾರಿ ಓಡಿಸುವ ಮಗುವಿನ ಅಪ್ಪ ತಟ್ಟನೆ, "ಕಾತ್ರಜ್ ಬೈಪಾಸ್ ಇದ್ದಂಗ ಅಲ್ರಿ?" ಅಂದ. ಸರಿಯಾಗೇ ಹಿಡಿದಿದ್ದ. ತುಂಬು ತಿಂಗಳಿಗೆ ಹುಟ್ಟಿದ ಮಗುವಲ್ಲಿ ಈ ಬೈಪಾಸ್ ಎರಡು ಮೂರು ದಿನದಲ್ಲಿ ಮುಚ್ಚುತ್ತದೆ. ಬೇಗ ಹುಟ್ಟಿದವರಲ್ಲಿ ತೆರೆದೇ ಉಳಿಯಬಹುದು. ನಾವು ಪಿಡಿಎ ಅನ್ನೋದು ಇದಕ್ಕೇ. ಆಗ ರಕ್ತ ಹಿಂದಕ್ಕೆ ಹರಿದು ಶ್ವಾಸಕೋಶಕ್ಕೆ ನುಗ್ಗುತ್ತದೆ, ಕಿಡ್ನಿಗೆ ಕರುಳಿಗೆ ಕಡಿಮೆಯಾಗುತ್ತದೆ.

ಈ ಮಗುವಿನ ಅಂಗೈ ಮೇಲೆ ಬೆರಳಿಟ್ಟರೆ ನಾಡಿ ಕುಣಿಯುತ್ತಿತ್ತು. ವೆಂಟಿಲೇಟರ್‌ನಿಂದ ತೆಗೆಯಲು ಆಗುತ್ತಿರಲಿಲ್ಲ. ಸಿಸ್ಟರ್ ಜೆಲ್ ಬೆಚ್ಚಗೆ ಮಾಡಿ ಕೊಟ್ಟರು, ಎಕೋ ಅಂದರೆ ಹೃದಯದ ಸ್ಕ್ಯಾನ್ ಮಾಡಿದೆ. ನಾಳ 2.2 ಮಿಲಿಮೀಟರ್, ಇಷ್ಟು ಪುಟ್ಟ ಕೂಸಿಗೆ ದೊಡ್ಡದೇ.

ಇನ್ನು ಅಜ್ಜಿಯ ಲೆಕ್ಕ. ಈ ನಾಳವನ್ನು ತೆರೆದಿಡುವುದರಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತುವಿನ ಪಾತ್ರ ದೊಡ್ಡದು. ಜ್ವರ, ನೋವಿನಲ್ಲೂ ಅದರದೇ ಕೈವಾಡ. ಅದನ್ನು ತಗ್ಗಿಸುವ ಔಷಧಿ ನಾಳವನ್ನೂ ಕುಗ್ಗಿಸಬಹುದು. 1976ರಲ್ಲಿ ಇಂಡೊಮೆಥಸಿನ್ ಅನ್ನೋ ನೋವಿನ ಔಷಧಿಯಿಂದ ಇದು ಸಾಧ್ಯ ಅಂತ ವರದಿಯಾಯಿತು. ಆಮೇಲೆ ಐಬುಪ್ರೊಫೆನ್ ಬಂತು. 2011ರಲ್ಲಿ ಪ್ಯಾರಾಸಿಟಮಾಲ್‌ನ ಮೊದಲ ವರದಿ. ಐಬುಪ್ರೊಫೆನ್‌ನಿಂದ ಮೂತ್ರ ಕಡಿಮೆಯಾಗಬಹುದು, ರಕ್ತಸ್ರಾವದ ಭಯವೂ ಉಂಟು. ಈ ಮಗುವಿಗೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಮೊದಲೇ ಕಮ್ಮಿ. ಅದಕ್ಕೇ ಪ್ಯಾರಾಸಿಟಮಾಲ್ ಆರಿಸಿದೆ, ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಆರು ಗಂಟೆಗೊಮ್ಮೆ. ಇವಳಿಗೆ ಸುಮಾರು 14 ಮಿಲಿಗ್ರಾಂ. ನಾವು ತಲೆನೋವಿಗೆ ನುಂಗುವ ಮಾತ್ರೆಯಲ್ಲಿ 500 ಇರುತ್ತೆ! ಲಿವರ್ ಪರೀಕ್ಷೆ ನಡೆಯುತ್ತಲೇ ಇತ್ತು. ಡೈಪರ್ ತೂಗಿ ಮೂತ್ರ ಅಳೆಯುವ ಕೆಲಸವೂ.

ಎಕೋ ಇಲ್ಲದೆ ಈ ಔಷಧಿ ಶುರು ಮಾಡುವಂತಿಲ್ಲ. ಕೆಲವು ಹುಟ್ಟು ಹೃದ್ರೋಗಗಳಲ್ಲಿ ಮಗು ಬದುಕಿರೋದೇ ಈ ನಾಳದ ಮೇಲೆ. ಅಲ್ಲಿ ಉಲ್ಟಾ, ಪ್ರೊಸ್ಟಾಗ್ಲಾಂಡಿನ್ನನ್ನೇ ಡ್ರಿಪ್‌ನಲ್ಲಿ ಕೊಟ್ಟು ತೆರೆದಿಡುತ್ತೇವೆ.

ಮೂರು ದಿನಕ್ಕೆ ನಾಳ ದಾರದಷ್ಟಾಯಿತು. ಅಜ್ಜಿಯ ಮುಂದಿನ ಪ್ರಶ್ನೆ ರೆಡಿ ಇತ್ತು: "ಹಂಗಾದ್ರ ಬಾಜೂ ಕೂಸಿಗೆ ಯಾಕ ಕೊಡವಲ್ರಿ?"

ಪಕ್ಕದ ಮಗುವಿಗೂ ಪಿಡಿಎ ಇತ್ತು. ಆದರೆ ಉಸಿರಾಟ ಸರಿ, ಹಾಲು ಜೀರ್ಣವಾಗುತ್ತಿತ್ತು, ತೂಕ ಏರುತ್ತಿತ್ತು. ನಾನು ಟ್ರೇನಿಂಗ್‌ನಲ್ಲಿದ್ದಾಗ ನಾಳ ಕಂಡರೆ ಸಾಕು, ಮುಚ್ಚಲು ಹೊರಡುತ್ತಿದ್ದೆವು. ಈಗ ಆ ಆತುರ ಕಮ್ಮಿ. ಬ್ರಿಟನ್ನಿನಲ್ಲಿ ನಾಳ ದೊಡ್ಡದಿದ್ದ 653 ಶಿಶುಗಳ ಮೇಲೆ ನಡೆದ ಅಧ್ಯಯನ 2024ರಲ್ಲಿ ಹೊರಬಂತು. ಹುಟ್ಟಿದ 72 ಗಂಟೆಯೊಳಗೇ ಐಬುಪ್ರೊಫೆನ್ ಕೊಟ್ಟರೂ ಸಾವಾಗಲೀ ದೀರ್ಘಕಾಲದ ಶ್ವಾಸಕೋಶದ ತೊಂದರೆಯಾಗಲೀ ಕಡಿಮೆಯಾಗಲಿಲ್ಲ. ಅನೇಕ ಮಕ್ಕಳಲ್ಲಿ ನಾಳ ತಾನಾಗೇ ಮುಚ್ಚುತ್ತದೆ. ಔಷಧಿಗೆ ಬಗ್ಗದೆ ಕಾಟ ಕೊಟ್ಟರೆ ಆಪರೇಷನ್ ಇದೆ. ಕಾಲಿನ ರಕ್ತನಾಳದ ಮೂಲಕ ಕೂರಿಸುವ ಪುಟ್ಟ ಬಿರಡೆಯೂ ಇದೆ. 700 ಗ್ರಾಂ ತೂಕದವರಿಗೂ ಬಳಸಬಹುದಾದ ಅಂಥದ್ದಕ್ಕೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು.

ಆದರೂ ಏನೂ ಕೊಡದೆ ಕಾಯೋದನ್ನು ತಂದೆತಾಯಿಗೆ ಒಪ್ಪಿಸೋದೇ ಕಷ್ಟ. "ಸುಮ್ನೆ ನೋಡ್ತಾ ಕೂತಿದ್ದೀರಾ?" ಅಂತ ಪಕ್ಕದ ಮಗುವಿನ ತಾಯಿ ದಿನಾ ಕೇಳುತ್ತಿದ್ದರು. ಹೌದು, ನೋಡ್ತಾನೇ ಇದ್ದೆವು. ವಾರಕ್ಕೆರಡು ಎಕೋ, ದಿನಾ ತೂಕ. ಮನೆಗೆ ಹೊರಟಾಗಲೂ ನಾಳ ಕೂದಲೆಳೆಯಷ್ಟು ತೆರೆದಿತ್ತು. ಆರು ವಾರ ಬಿಟ್ಟು ಮತ್ತೆ ಎಕೋಗೆ ಬನ್ನಿ ಅಂತ ಚೀಟಿ ಬರೆದುಕೊಟ್ಟೆ.