ದೊಡ್ಡ ಪ್ರೊಪೆಲರ್ ಮೇಲಿನ ಅಪವಾದ

ವಿದ್ಯುತ್ ಮಾದರಿ ವಿಮಾನ ಹಾರಿಸುವವರಲ್ಲಿ ಒಂದು ಮಾತು ಬೇರೂರಿದೆ: ಪ್ರೊಪೆಲರ್ ದೊಡ್ಡದಾದಷ್ಟೂ ಬ್ಯಾಟರಿ ಬೇಗ ಬರಿದಾಗುತ್ತದೆ. ಹೇಳುವವರ ಬಳಿ ಸಾಕ್ಷಿಯೂ ಇರುತ್ತದೆ. 10 ಅಂಗುಲದ್ದನ್ನು ಬಿಚ್ಚಿ 12 ಅಂಗುಲದ್ದನ್ನು ಹಾಕಿದರು, ಮೋಟಾರು ಮುಟ್ಟಲಾಗದಷ್ಟು ಕಾದಿತು, ಹಾರಾಟ ಅರ್ಧಕ್ಕೇ ಮುಗಿಯಿತು. ಸಾಕ್ಷಿಯನ್ನು ಒಪ್ಪುತ್ತೇನೆ. ತೀರ್ಪನ್ನು ಒಪ್ಪಲಾರೆ.

ಹೊರೆ ಹೆಚ್ಚಿದರೆ ಪೆಟ್ರೋಲ್ ಎಂಜಿನ್ ಏದುಸಿರು ಬಿಟ್ಟು ಸುತ್ತು ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ಮೋಟಾರಿಗೆ ಆ ವಿವೇಕವಿಲ್ಲ. ಇಷ್ಟು ವೋಲ್ಟಿಗೆ ಇಷ್ಟು ಸುತ್ತು ಎಂಬುದು ಅದರ ಹುಟ್ಟುಗುಣ. ಮೋಟಾರಿನ ಮೇಲೆ ಬರೆದಿರುವ ಕೆವಿ ಅಂಕಿ ಹೇಳುವುದು ಅದನ್ನೇ. ವೇಗ ಚೂರು ಕುಸಿದರೂ ಸಾಕು, ಅದನ್ನು ತುಂಬಿಕೊಳ್ಳಲು ಬ್ಯಾಟರಿಯಿಂದ ಕರೆಂಟನ್ನು ಹೀರತೊಡಗುತ್ತದೆ. ಒಂದೇ ಆಕಾರದ ಪ್ರೊಪೆಲರ್‌ಗಳು ಒಂದೇ ವೇಗದಲ್ಲಿ ಸುತ್ತಿದರೆ, ಅವು ನುಂಗುವ ಶಕ್ತಿ ವ್ಯಾಸದ ಐದನೇ ಘಾತದಂತೆ ಏರುತ್ತದೆ. 10ರಿಂದ 12 ಅಂಗುಲ ಎಂದರೆ ವ್ಯಾಸ 1.2 ಪಟ್ಟು. ಐದು 1.2ಗಳನ್ನು ಒಂದಕ್ಕೊಂದು ಗುಣಿಸಿ ನೋಡಿ: ಹತ್ತಿರಹತ್ತಿರ 2.5. ಸುರುಳಿಯ ಶಾಖವಂತೂ ಕರೆಂಟಿನ ವರ್ಗದಂತೆ, ಅಂದರೆ ಆರು ಪಟ್ಟು. ವಾಸ್ತವದಲ್ಲಿ ಸುತ್ತು ಸ್ವಲ್ಪ ಇಳಿಯುವುದರಿಂದ ಅಷ್ಟಾಗದು, ಆದರೆ ಮೋಟಾರು ಸುಡಲು ಅಷ್ಟೇ ಬೇಕಿಲ್ಲ.

ಎಲ್ಲರೂ ಮರೆಯುವ ಸಂಗತಿಯೆಂದರೆ, ನೂಕುಬಲವೂ ದುಪ್ಪಟ್ಟಾಗಿದೆ. ಅದನ್ನು ಕೇಳಿದವರು ಯಾರು? ಮೊದಲಿನಷ್ಟೇ ನೂಕುಬಲ ಸಾಕು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಕಥೆ ತಿರುವುಮುರುವಾಗುತ್ತದೆ.

ನಿಂತ ನೀರಿನಲ್ಲಿ ದೋಣಿ, ಹುಟ್ಟು ಕಳೆದುಹೋಗಿದೆ, ದೋಣಿಯ ತುಂಬ ಕಲ್ಲು. ಕಲ್ಲನ್ನು ಹಿಂದಕ್ಕೆಸೆದು ಮುಂದೆ ಸಾಗಬೇಕು. ಒಂದು ಕಿಲೋ ಕಲ್ಲನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆದರೂ ಎರಡು ಕಿಲೋ ಕಲ್ಲನ್ನು 5 ಮೀಟರ್ ವೇಗದಲ್ಲಿ ಎಸೆದರೂ ದೋಣಿಗೆ ಸಿಗುವ ತಳ್ಳು ಒಂದೇ. ತೋಳಿಗೆ ಮಾತ್ರ ಒಂದೇ ಅಲ್ಲ: ಮೊದಲನೆಯದಕ್ಕೆ 50 ಜೂಲ್, ಎರಡನೆಯದಕ್ಕೆ 25. ತಳ್ಳು ವೇಗದಂತೆ ಬೆಳೆಯುತ್ತದೆ, ಖರ್ಚು ವೇಗದ ವರ್ಗದಂತೆ. ಪ್ರೊಪೆಲರ್ ಎಸೆಯುವ ಕಲ್ಲು ಗಾಳಿ. ಅಗಲವಾದದ್ದು ಹೆಚ್ಚು ಗಾಳಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ. ಕಿರಿದಾದದ್ದು ಸ್ವಲ್ಪವೇ ಗಾಳಿಯನ್ನು ರಭಸದಿಂದ ಚಿಮ್ಮಿಸುತ್ತದೆ. ಕೋಲಿನಿಂದ ದೋಣಿ ಹುಟ್ಟುಹಾಕಿ ನೋಡಿದವರಿಗೆ ಇದು ಗೊತ್ತು: ನೀರು ಸೀಳಿ ಓಡುತ್ತದೆ, ದೋಣಿ ಅಲ್ಲೇ ಇರುತ್ತದೆ. ಈಜುವವನು ಬೆರಳುಗಳನ್ನು ಅಗಲಿಸಿ ನೀರನ್ನು ಬಡಿಯುವುದಿಲ್ಲ, ಅಂಗೈಯನ್ನು ಹಲಗೆಯಂತೆ ಹಿಡಿಯುತ್ತಾನೆ. ಹೋಲಿಕೆಗಳು ಅತಿಯಾದವೇನೋ, ಆದರೆ ಭೌತವಿಜ್ಞಾನದಲ್ಲಿ ಇಷ್ಟು ಅಗ್ಗಕ್ಕೆ ಸಿಗುವ ಲಾಭ ಅಪರೂಪ.

ರೈಟ್ ಸಹೋದರರಿಗೆ ಇದು ತಿಳಿದಿತ್ತು. 1903ರ ಅವರ ವಿಮಾನದ ಎಂಜಿನ್ನಿನದು ಸುಮಾರು 12 ಅಶ್ವಶಕ್ತಿ. ಅಷ್ಟರಲ್ಲೇ ಮೇಲೇಳಬೇಕಿದ್ದ ಅವರು ಎಂಟೂವರೆ ಅಡಿ ವ್ಯಾಸದ ಎರಡು ಪ್ರೊಪೆಲರ್‌ಗಳನ್ನು ತಾವೇ ಕೆತ್ತಿ, ಸೈಕಲ್ಲಿನಂತೆ ಸರಪಳಿ ಹಾಕಿ, ಎಂಜಿನ್ನಿಗಿಂತ ತೀರಾ ನಿಧಾನವಾಗಿ ತಿರುಗಿಸಿದರು. 1979ರಲ್ಲಿ ಬ್ರಯಾನ್ ಅಲೆನ್ ಪೆಡಲ್ ತುಳಿದೇ ಇಂಗ್ಲಿಷ್ ಕಾಲುವೆ ದಾಟಿದ ಗಾಸಮರ್ ಆಲ್ಬಟ್ರಾಸ್ ವಿಮಾನದಲ್ಲೂ ದೊಡ್ಡ ಪ್ರೊಪೆಲರ್ ಸಾವಕಾಶವಾಗಿ ಸುತ್ತುತ್ತಿತ್ತು. ಮನುಷ್ಯನ ಕಾಲಿಗಿಂತ ಬಡ ಬ್ಯಾಟರಿ ಇನ್ನಾವುದಿದೆ?

ನಮ್ಮ 12 ಅಂಗುಲಕ್ಕೆ ಮರಳೋಣ. ನಿಂತಲ್ಲಿ ಅಷ್ಟೇ ನೂಕುಬಲ ಸಾಕಾದರೆ, ಬೇಕಾಗುವ ಶಕ್ತಿ ವ್ಯಾಸಕ್ಕೆ ವಿಲೋಮ: ಮೊದಲು 12 ಪಾಲು ಶಕ್ತಿ ಬೇಕಿದ್ದಲ್ಲಿ ಈಗ 10 ಪಾಲು, ಅಂದರೆ ಶೇ 17ರಷ್ಟು ಉಳಿತಾಯ. ಆದರೆ ಅದಕ್ಕೆ ಸುತ್ತು ಶೇ 30ರಷ್ಟು ಇಳಿಯಬೇಕು. ಥ್ರಾಟಲ್ ತಗ್ಗಿಸಿಯೂ ಇಳಿಸಬಹುದು. ಕೈ ಮರೆತು ಪೂರ್ತಿ ಏರಿಸಿದರೆ ಮತ್ತೆ ಅದೇ ಸುಡುವ ಮೋಟಾರು. ಕಡಿಮೆ ಕೆವಿಯ ಮೋಟಾರು ಹಾಕುವುದೇ ಸರಿಯಾದ ದಾರಿ. ಪ್ರೊಪೆಲರನ್ನು ಮಾತ್ರ ಬದಲಿಸಿ ಅದನ್ನೇ ದೂರುವವರನ್ನು ಕಂಡರೆ ನನಗೆ ತಾಳ್ಮೆ ಇರುವುದಿಲ್ಲ.

ಪಿಚ್, ಅಂದರೆ ಸ್ಕ್ರೂವಿನಂತೆ ಜಾರದೆ ಸಾಗಿದರೆ ಪ್ರೊಪೆಲರ್ ಒಂದು ಸುತ್ತಿಗೆ ಮುಂದೆ ಹೋಗುವ ದೂರ, ಬೇರೆಯದೇ ಅಧ್ಯಾಯ. 6 ಅಂಗುಲ ಪಿಚ್, ನಿಮಿಷಕ್ಕೆ 8,000 ಸುತ್ತು ಎಂದರೆ ಗಂಟೆಗೆ ಸುಮಾರು 73 ಕಿಲೋಮೀಟರ್. ವಿಮಾನ ಆ ವೇಗದ ಸಮೀಪಕ್ಕೆ ಬಂದರೆ ನೂಕುಬಲ ಬತ್ತತೊಡಗುತ್ತದೆ. ಹಾಗಾಗಿ ರಭಸದಿಂದ ಹಾರುವ ಮಾದರಿಗೆ ಕಿರಿದಾದ, ಹೆಚ್ಚು ಪಿಚ್‌ನ ಪ್ರೊಪೆಲರೇ ಹಿತ. ನಿಧಾನವಾಗಿ ತೇಲುವ ವಿಮಾನಕ್ಕೆ ವ್ಯಾಸ ಎಲ್ಲಿಯವರೆಗೆ ಎಂದು ಕೇಳಿದರೆ, ಚಕ್ರ ನೆಲ ಮುಟ್ಟುವಾಗ ಪ್ರೊಪೆಲರ್‌ನ ತುದಿ ಮಣ್ಣು ಕೆರೆಯದಿರುವವರೆಗೆ.